ಎಲ್ಲಾ ಕಾಗದಕ್ಕೂ ನಿನ್ನ ಸಹಿ ಬೇಡ

ಮೈಸೂರು
ಭಾನುವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲಾ ಚೆನ್ನಾಗಿದ್ದೇವೆ.

ಗೌರಿ ಹಬ್ಬಕ್ಕೆ ಬಂದಾಗ ನಿನ್ನನ್ನು ನೋಡಿ ಮನಸ್ಸಿಗೆ ಕಷ್ಟವಾಯಿತು. ಬಲಗೈಯಲ್ಲಿ ಊಟ, ಎಡಗೈಯಲ್ಲಿ ಫೋನು. ಫೋನಲ್ಲಿ ಮಾತಾಡಲು ನೀನು ಎರಡು ಸಲ ಎದ್ದು ಹಿತ್ತಲಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಒಬ್ಬಟ್ಟಿನ ಮೇಲಿನ ತುಪ್ಪ ಗಟ್ಟಿಯಾಗಿತ್ತು. ದೊಡ್ಡಮ್ಮ ಬಿಸಿದು ಬಡಿಸಲು ಬಂದರೆ ಬೇಡ ಅಂದುಬಿಟ್ಟೆ. ಒಬ್ಬಟ್ಟು ಬೇಡ ಅನ್ನುವ ಹುಡುಗಿಯೇ ಅಲ್ಲ ನೀನು. ರಾತ್ರಿ 11ಕ್ಕೆ ಕ್ಯಾಲಿಫೋರ್ನಿಯಾದವರ ಜೊತೆ ಮೀಟಿಂಗ್, ಬೆಳಗ್ಗೆ 5ಕ್ಕೆ ಮತ್ತೆ ಲ್ಯಾಪ್‌ಟಾಪ್. ಹೀಗೆ ಎಷ್ಟು ದಿನ ನಡೆಯುತ್ತದೆ, ಪುಟ್ಟಿ?

1996ರಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ನಾನು ಮ್ಯಾನೇಜರ್ ಆದೆ. 500 ರೂಪಾಯಿ ದಾಟಿದ ಪ್ರತಿ ವೋಚರಿಗೂ ನನ್ನ ಸಹಿ ಬೇಕು ಅಂತ ನಾನೇ ನಿಯಮ ಮಾಡಿದ್ದೆ. ಒಂದು ಬೇರಿಂಗ್ ತರಿಸಬೇಕಾದರೂ ನನ್ನ ಟೇಬಲ್ಲಿಗೆ ಬರಬೇಕು. ರಾತ್ರಿ 8 ಆದರೂ ಗುಮಾಸ್ತರು ಫೈಲು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ಅವರ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಯಾರಾದರೂ ತಪ್ಪು ಮಾಡಿದರೆ ನನ್ನ ತಲೆಗೆ ಬರುತ್ತದೆ ಅನ್ನುವ ಹೆದರಿಕೆ. ಅದಕ್ಕೆ ಜವಾಬ್ದಾರಿ ಅಂತ ಹೆಸರಿಟ್ಟುಕೊಂಡಿದ್ದೆ.

ಎರಡು ವರ್ಷದ ಮೇಲೆ ಬಿಪಿ ನೋಡಿಸಿದರೆ 160/100. ತಲೆನೋವಿಲ್ಲ, ತಲೆಸುತ್ತಿಲ್ಲ. ನನಗೇನಾಗಿದೆ ಅಂತ ಡಾಕ್ಟರ ಜೊತೆ ವಾದ ಮಾಡಿದೆ. ಬಿಪಿ ಸದ್ದು ಮಾಡದೆ ಏರುತ್ತದೆ, ಪುಟ್ಟಿ. ಮತ್ತೆ ಮತ್ತೆ ನೋಡಿದಾಗಲೂ 140/90 ದಾಟಿದ್ದರೆ ಸುಮ್ನೆ ಕೂರಬಾರದು.

ಮಾತ್ರೆ ಶುರುವಾಯಿತು. ಅದೇ ತಿಂಗಳು ಸಹಿಯ ಮಿತಿಯನ್ನು 10,000ಕ್ಕೆ ಏರಿಸಿದೆ. ಮೊದಲ ವಾರವೆಲ್ಲಾ ಎದೆ ಡವಡವ. ಒಬ್ಬ ಸೂಪರ್‌ವೈಸರ್ ತಪ್ಪು ಅಳತೆಯ ಬೆಲ್ಟ್ ತರಿಸಿದ. ಮಾರನೇ ದಿನ ತಾನೇ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದ. ಅಷ್ಟೇ ಆಗಿದ್ದು. ಆಮೇಲೆ ಎಷ್ಟೋ ಸಂಜೆ ನಾನು ಬೆಳಕಿರುವಾಗಲೇ ಮನೆ ಸೇರಿದೆ.

ನಿನ್ನ ಕೈಕೆಳಗೆ 40 ಜನ ಇದ್ದಾರೆ ಅಂದೆಯಲ್ಲ. ಈ ವಾರ ನಿನ್ನ ಮುಂದೆ ಬರುವ ತೀರ್ಮಾನಗಳನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದಿಡು. ನೀನೇ ಮಾಡಬೇಕಾದವು ಎಷ್ಟು ಅಂತ ಶನಿವಾರ ಕೂತು ನೋಡು. ಉಳಿದವನ್ನು ಅವರಿಗೆ ಬಿಡು. ಬಿಟ್ಟ ಮೇಲೆ ಹಿಂದೆ ನಿಂತು ಇಣುಕಬೇಡ, ಅದು ಬಿಡದೇ ಇರುವುದಕ್ಕಿಂತ ಕೆಟ್ಟದ್ದು. ಅಮೆರಿಕದವರಿಗೂ ಬಾಯಿ ಬಿಟ್ಟು ಹೇಳು. ಈಗಿನ ಲೆಕ್ಕದಲ್ಲಿ ಅವರು ಬೆಳಗ್ಗೆ 7:30ಕ್ಕೆ ಕೂತರೆ ನಿನಗೆ ರಾತ್ರಿ 8. ವಾರಕ್ಕೆ ಎರಡು ದಿನ ಅವರೂ ಬೇಗ ಏಳಲಿ, ಅಲ್ವಾ?

ಸಂಜೆ 4ರ ಮೇಲೆ ಕಾಫಿ ಬೇಡ. ಕುಡಿದದ್ದರಲ್ಲಿ ಅರ್ಧದಷ್ಟು ಕೆಫೀನ್ ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ.

ಇಷ್ಟಾದರೂ ನಿದ್ದೆ ಹತ್ತದಿದ್ದರೆ, ಬೆಳಗ್ಗೆ ಏಳುವುದೇ ಬೇಡ ಅನ್ನಿಸಿದರೆ, ಮುಚ್ಚಿಡಬೇಡ. ಮನಸ್ಸಿನ ಕಾಯಿಲೆ ನೋಡುವ ನಿಮ್ಹಾನ್ಸ್ ಆಸ್ಪತ್ರೆ ನಿಮ್ಮ ಬೆಂಗಳೂರಲ್ಲೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ಅಪರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು. ಎತ್ತುತ್ತೇನೆ.

ಈ ವಾರ ಬಿಪಿ ನೋಡಿಸಿ ಎಷ್ಟಿದೆ ಅಂತ ತಿಳಿಸು. ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ