ಸೀರೆ ತೋರಿಸುವವರಿಗೂ ಕಾಲು ನೋಯುತ್ತದೆ

ಸಂಪಾದಕರೇ,

ನಾನು ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನೋಡಿ ಬೇಡ ಎನ್ನುವುದು ಗಿರಾಕಿಗಳ ಹಕ್ಕು, ಅದಕ್ಕೆ ಬೇಸರವಿಲ್ಲ. ಆದರೆ ಚಿಟಿಕೆ ಹೊಡೆದು ಕರೆಯುತ್ತಾರಲ್ಲ, ಅದು ನೋವಾಗುತ್ತದೆ. ಫೋನಿನಲ್ಲಿ ಮಾತಾಡುತ್ತಲೇ ಬೆರಳು ತೋರಿಸಿ, ‘ಅದಲ್ಲ, ಅದರ ಕೆಳಗಿಂದು’ ಎನ್ನುತ್ತಾರೆ. ಮದುವೆ ಸೀಸನ್ನಿನಲ್ಲಂತೂ ಬಾಗಿಲು ಹಾಕುವ ಹೊತ್ತಿಗೆ ಬಂದು ಇಡೀ ಕಪಾಟು ಇಳಿಸಿ, ಸುಮ್ನೆ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಪ್ರತಿ ಸೀರೆಯನ್ನೂ ಹಳೆಯ ಮಡಿಕೆಯಲ್ಲೇ, ಜರಿ ಒಳಗೆ ಬರುವಂತೆ ಮಡಿಚಿಡಬೇಕು. ಅಷ್ಟರಲ್ಲಿ ನಮ್ಮ ಹಳ್ಳಿಯ ಕೊನೆ ಬಸ್ಸು ಹೊರಟಿರುತ್ತದೆ. ಇನ್ನು ಕೆಲವರು ಉಟ್ಟ ಸೀರೆ ವಾಪಸ್ ತರುತ್ತಾರೆ. ಸೆರಗಿನಲ್ಲಿ ಅರಿಶಿನದ ಕಲೆ ಇದ್ದರೂ ‘ಉಟ್ಟೇ ಇಲ್ಲ’ ಎಂದು ಕೂಗಾಡುತ್ತಾರೆ. ಬೈಗುಳ ಮಾತ್ರ ನಮಗೆ.

ಇದೆಲ್ಲ ನಿಂತುಕೊಂಡೇ. ಕುರ್ಚಿ ಇರುವುದು ಗಿರಾಕಿಗಳಿಗೆ ಮಾತ್ರ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕೆಲಸದವರಿಗೆ ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ನಮ್ಮ ಮಾಲೀಕರೂ ಕೌಂಟರ್ ಹಿಂದೆ ಸ್ಟೂಲ್ ಹಾಕಿಸಲಿ. ಕಾರ್ಮಿಕ ಇಲಾಖೆಯವರು ಒಮ್ಮೆ ಬಂದು ನೋಡಲಿ. ನಾವು ಒಂದು ಗಳಿಗೆ ಕೂತರೆ ಗಿರಾಕಿಗಳು ದಯವಿಟ್ಟು ಮಾಲೀಕರಿಗೆ ದೂರು ಕೊಡಬೇಡಿ.

– ಸೀರೆ ಅಂಗಡಿಯ ನೌಕರೆ, ದಾವಣಗೆರೆ