ರೂಟ್ 40ರ ದೊರೆಗೆ

ಲೋ ದೊರೆ,

ನಿನ್ನ ಫೋಟೋ ನೋಡಿದೆ. ಹೊಸ ಕಾರು, ಹಿಂದೆ ರೂಟ್ 40 ಅಂತ ಬೋರ್ಡು. ದಿನಾ ಇದೇ ದಾರಿ ಅಂತ ಬೇರೆ ಬರೆದಿದ್ದೀಯ. ಆ ಪುಳಿಯೋಗರೆ ವಿಷಯ ಇಲ್ಲಿ ಎತ್ತೋದಿಲ್ಲ, ಜನ ಓದ್ತಿದ್ದಾರೆ.

ಅಮೆರಿಕದ ಆ ಹೆದ್ದಾರಿಗೊಂದು ಕತೆ ಇದೆ ಕಣೋ. 1960ರಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅವುಗಳ ರಾಯಭಾರಿಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಗೂ ವಾಷಿಂಗ್ಟನ್ನಿಗೂ ಕಾರಿನಲ್ಲಿ ಓಡಾಡುತ್ತಿದ್ದದ್ದು ನಿನ್ನ ಮೇರಿಲ್ಯಾಂಡ್ ರಾಜ್ಯದ ಈ ರಸ್ತೆಯಲ್ಲೇ. ಹಸಿವಾಗಿ ಹೋಟೆಲಿಗೆ ಹೋದರೆ, ಕಪ್ಪು ಜನಕ್ಕೆ ಇಲ್ಲಿ ಕೊಡೋದಿಲ್ಲ ಅಂತ ಹೊರಗೆ ಕಳಿಸುತ್ತಿದ್ದರು. 1961ರಲ್ಲಿ ಚಾಡ್ ದೇಶದ ಹೊಸ ರಾಯಭಾರಿ ಆದಂ ಮಲಿಕ್ ಸೋ ಒಂದು ಕಪ್ ಕಾಫಿ ಕೇಳಿದಾಗಲೂ ಅದೇ ಆಯಿತು. ಆಮೇಲೆ ಹೋಟೆಲಿನಾಕೆ ಕೊಟ್ಟ ಸಮಜಾಯಿಷಿ ಏನು ಗೊತ್ತಾ? ನೋಡೋಕೆ ಇಲ್ಲಿನ ಮಾಮೂಲಿ ಕಪ್ಪು ಮನುಷ್ಯನ ಹಾಗೇ ಇದ್ದ, ರಾಯಭಾರಿ ಅಂತ ಹೇಗೆ ಗೊತ್ತಾಗಬೇಕು!

ಅಧ್ಯಕ್ಷ ಕೆನಡಿ ಮೊದಲು ರೇಗಿ, ಅವರಿಗೆ ವಿಮಾನದಲ್ಲಿ ಹೋಗೋಕೆ ಹೇಳಿ ಅಂದರಂತೆ. ಆದರೆ ಆ ಹೊಸ ದೇಶಗಳನ್ನು ತನ್ನ ಕಡೆ ಸೆಳೆಯೋಕೆ ಎದುರಿಗೆ ರಷ್ಯಾ ಕೂತಿತ್ತಲ್ಲ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅನ್ನೋದರ ಮೇಲಿನ ಕೇಸಿನಲ್ಲಿ 1952ರಲ್ಲೇ ಅಮೆರಿಕದ ಸರ್ಕಾರ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿತ್ತು, ಈ ಭೇದಭಾವ ಕಮ್ಯುನಿಸ್ಟರ ಪ್ರಚಾರಕ್ಕೆ ಮೇವು ಅಂತ. 1955ರಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನೇ ಹ್ಯೂಸ್ಟನ್ ವಿಮಾನ ನಿಲ್ದಾಣದ ಊಟದ ಹಾಲಿನಿಂದ ಎಬ್ಬಿಸಿ ಬೇರೆ ಕೋಣೆಗೆ ಕಳಿಸಿದ್ದರು. ವಿದೇಶಾಂಗ ಮಂತ್ರಿ ಡಲ್ಲೆಸ್ ಕ್ಷಮೆ ಕೇಳಿದರು. ಆ ಊರಿನ ಕಪ್ಪು ಜನರ ಕ್ಷಮೆ ಕೇಳೋ ಯೋಚನೆ ಯಾರಿಗೂ ಬಂದ ಹಾಗಿಲ್ಲ. 1961ರಲ್ಲಿ ಮಾತ್ರ ವಿದೇಶಾಂಗ ಇಲಾಖೆಯವರು, ಈ ಭೇದಭಾವ ಬಿಡಿ ಅಂತ ಕೇಳೋಕೆ ರೂಟ್ 40ರ ಹೋಟೆಲುಗಳ ಬಾಗಿಲಿಗೇ ಹೋದರು.

ನನಗೆ ಜಾಸ್ತಿ ಇಷ್ಟವಾಗಿದ್ದು ಮುಂದಿನದು. ಬಾಲ್ಟಿಮೋರಿನ ‘ಆಫ್ರೋ-ಅಮೆರಿಕನ್’ ಪತ್ರಿಕೆಯ ಮೂವರು ಕಪ್ಪು ವರದಿಗಾರರು ಬಾಡಿಗೆ ವೇಷ ತೊಟ್ಟು, ದೊಡ್ಡ ಕಾರು ಹಿಡಿದು, ‘ಗೋಬಾನ್’ ಅನ್ನೋ ಇಲ್ಲದ ದೇಶದ ಗಣ್ಯರಾಗಿ ಹೊರಟರು. ಕೆಲವು ಕಡೆ ಕೂರಿಸಿ ಬಡಿಸಿದರು! ಇದೇ ಊರಿನವನಾಗಿ ಬಂದರೆ ಬಾಗಿಲು ಬಂದ್, ಇಲ್ಲದ ಊರಿನವನಾಗಿ ಬಂದರೆ ಬನ್ನಿ ಸ್ವಾಮಿ.

ಸರ್ಕಾರದ ನಾಚಿಕೆ ಒಂದರಿಂದಲೇ ಏನೂ ಬದಲಾಗಲಿಲ್ಲ ಬಿಡು. ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ ಕೋರ್ (CORE) ಸಂಘಟನೆಯವರು, ಕಾಲೇಜು ಹುಡುಗರು ಆ ಹೋಟೆಲುಗಳಲ್ಲಿ ಹೋಗಿ ಕೂತರು, ಅರೆಸ್ಟ್ ಆದರು. ಹೋಟೆಲುಗಳಲ್ಲಿ ಹೀಗೆ ಭೇದ ಮಾಡಬಾರದು ಅಂತ ಮೇರಿಲ್ಯಾಂಡಿನಲ್ಲಿ 1963ರಲ್ಲಿ ಕಾನೂನು ಬಂತು, ಇಡೀ ದೇಶಕ್ಕೆ 1964ರಲ್ಲಿ. ಅದರ ಮರುವರ್ಷ ವಲಸೆ ಕಾನೂನೂ ಬದಲಾಯಿತು. ಅಲ್ಲಿವರೆಗೆ ಭಾರತದಿಂದ ವಲಸೆ ಹೋಗೋರ ಕೋಟಾ ವರ್ಷಕ್ಕೆ 100 ಜನ. ನಿನ್ನಂಥವರು ಆಮೇಲೆ ಸಾಲುಗಟ್ಟಿ ಹೋದಿರಿ. ಆ ಹುಡುಗರಿಗೊಂದು ಥ್ಯಾಂಕ್ಸ್ ಹೇಳು.

ಇಷ್ಟು ಹೇಳಿ, ನಿನ್ನ ಕಾಲೆಳೆದು ಮುಗಿಸೋಣ ಅಂತಿದ್ದೆ. ಆದರೆ ಆ ‘ಮಾಮೂಲಿ ಮನುಷ್ಯ’ ಅನ್ನೋ ಮಾತು ತಲೆಯಿಂದ ಹೋಗ್ತಿಲ್ಲ. ನೀನು ಮಗಳನ್ನು ಕರಕೊಂಡು ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ, ಕೆಳಗೆ ಲಿಫ್ಟಿನ ಹತ್ತಿರ ನಾನು ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಂತಿದ್ದೆ, ನೆನಪಿದೆಯಾ? ಬೆನ್ನು ನೋವಾ ಅಂತ ನೀನು ಕೇಳಿದೆ. ನೋವಲ್ಲ. ಹಿಂದೆ ಬೋರ್ಡಿತ್ತು: ‘ಮನೆಗೆಲಸದವರು ಮತ್ತು ಡೆಲಿವರಿಯವರು ಸರ್ವೀಸ್ ಲಿಫ್ಟನ್ನೇ ಬಳಸತಕ್ಕದ್ದು.’ ನಿನ್ನ ಮಗಳು ಆಗಷ್ಟೇ ಕನ್ನಡ ಓದೋಕೆ ಕಲಿತು, ಕಂಡ ಕಂಡ ಬೋರ್ಡನ್ನೆಲ್ಲ ಕೂಗಿ ಕೂಗಿ ಓದ್ತಿದ್ದಳು. ಇದೊಂದು ಅವಳ ಕಣ್ಣಿಗೆ ಬೀಳದಿರಲಿ ಅಂತ.

ಮೊದಲು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದಲ್ಲೂ ಬೇಕು ಅಂತ ಮೀಟಿಂಗಿನಲ್ಲಿ ಜಗಳ ಆಡಿ ಹಾಕಿಸಿದವನು ನಾನೇ. ‘ಬಳಸತಕ್ಕದ್ದು’ ಕೂಡ ನನ್ನದೇ. ಸರ್ವೀಸ್ ಲಿಫ್ಟ್ ಕೆಟ್ಟ ದಿನ ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ ಆರು ಮಹಡಿ ಹತ್ತಿ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಾತಿಲ್ಲದೆ ಪಾತ್ರೆಗೆ ಕೈ ಹಾಕುತ್ತಾರೆ. ಆಗ ಬೋರ್ಡು ನನಗೆ ನೆನಪಾಗಲಿಲ್ಲ. ಮೇರಿಲ್ಯಾಂಡಿನಿಂದ ಒಂದು ಮಗು ಬಂದಾಗ ನೆನಪಾಯಿತು. ಈಗಲೂ ಅಲ್ಲೇ ಇದೆ. ನಾನೂ ಕಮಿಟಿಯಲ್ಲೇ ಇದ್ದೀನಿ.

ಛೇ, ಏನೋ ಬರೆಯೋಕೆ ಹೋಗಿ ಏನೋ ಆಯಿತು. ಇದನ್ನು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಮಾತ್ರ ಹಾಕಬೇಡ ಮಾರಾಯ, ನನ್ನ ಪಾರ್ಕಿಂಗ್ ಜಾಗ ಹೋಗುತ್ತೆ. ಮುಂದಿನ ಸಲ ಬರುವಾಗ ಚಾಕೊಲೇಟ್ ಬೇಡ, ಮಂಡಿ ನೋವಿನ ಮುಲಾಮು ತಾ. ದೊಡ್ಡ ಟ್ಯೂಬು.

ಇಂತಿ ನಿನ್ನ,
ಹಿಂದಿನ ಬೆಂಚು