ಗುಂಪಿಗೆ ಸೂಚನೆ: ಸಿಎ 19-9 ರಕ್ತಪರೀಕ್ಷೆಯ ಕುರಿತು

ಎಲ್ಲ ಸದಸ್ಯರಿಗೆ ನಮಸ್ಕಾರ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರನ್ನು ಆರಂಭದಲ್ಲೇ ಪತ್ತೆಹಚ್ಚಬಹುದೆಂಬ ನಂಬಿಕೆಯಿಂದ, ಬರುವ ಭಾನುವಾರದ ತಪಾಸಣಾ ಶಿಬಿರದಲ್ಲಿ ರಕ್ತದಲ್ಲಿರುವ ಸಿಎ 19-9 ಎಂಬ ಅಂಶದ ಮಟ್ಟವನ್ನು ಅಳೆಯುವ ಪರೀಕ್ಷೆಗೆ ಹಲವರು ಹೆಸರು ಕೊಟ್ಟಿದ್ದೀರಿ. ಆದರೆ ಯಾವ ತೊಂದರೆಯೂ ಇಲ್ಲದವರಿಗೆ ಈ ಪರೀಕ್ಷೆಯನ್ನು ಶಿಫಾರಸು ಮಾಡುವುದಿಲ್ಲವಾದ್ದರಿಂದ ಅದನ್ನು ಶಿಬಿರದಿಂದ ಕೈಬಿಡಲಾಗಿದೆ. ಕಾಮಾಲೆ, ಪಿತ್ತನಾಳದ ತಡೆ, ಮೇದೋಜ್ಜೀರಕದ ಉರಿಯೂತಗಳಲ್ಲೂ ಈ ಅಂಶದ ಮಟ್ಟ ಮಿಲಿಲೀಟರಿಗೆ 37 ಯೂನಿಟ್ ಎಂಬ ಸಾಮಾನ್ಯ ಮಿತಿಯನ್ನು ದಾಟಬಹುದು. ಇನ್ನು ಕೆಲವರ ದೇಹ ಹುಟ್ಟಿನಿಂದಲೇ ಈ ಅಂಶವನ್ನು ತಯಾರಿಸದಿರುವುದರಿಂದ ಕ್ಯಾನ್ಸರ್ ಇದ್ದರೂ ಮಟ್ಟ ಏರುವುದೇ ಇಲ್ಲ. ಹೀಗೆ ಸಿಗುವ ಸುಳ್ಳು ಧೈರ್ಯವೇ ನನಗೆ ಹೆಚ್ಚು ಆತಂಕದ ಸಂಗತಿ.

ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕ್ಯಾನ್ಸರ್ ಕಂಡಿದ್ದವರು, 50 ದಾಟಿದ ಮೇಲೆ ಹೊಸದಾಗಿ ಮಧುಮೇಹ ಬಂದು ತೂಕವೂ ಇಳಿಯುತ್ತಿರುವವರು ಶಿಬಿರಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು. ಸ್ಕ್ಯಾನ್ ಅಗತ್ಯವೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಹೆಸರು ಕೊಟ್ಟವರು ಉಳಿದ ಪರೀಕ್ಷೆಗಳಿಗೆ ಬರುವಿರಾ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿ ತಿಳಿಸಬೇಕೆಂದು ವಿನಂತಿ. ವೈಯಕ್ತಿಕ ವರದಿಗಳನ್ನು ದಯವಿಟ್ಟು ಗುಂಪಿಗೆ ಹಾಕಬೇಡಿ.